ಹಾಸ್ಟೆಲ್ ಉಳಿದ ಬಗೆ

ಜೂನ್ ೯

ಕುಳ್ಳಿ,

ಫೋನಿನಲ್ಲಿ ಅರ್ಧ ಮಾತಾಡಿ ಇಟ್ಟುಬಿಟ್ಟೆನೆಂದು ಬೇಸರ ಮಾಡಿಕೊಳ್ಳಬೇಡ. ಅಂಗಡಿಯಲ್ಲಿ ನಾನು ಫೋನ್ ಎತ್ತಿದರೆ ಸಾಕು, ಮೂರು ಮಷಿನ್ನೂ ಒಟ್ಟಿಗೆ ನಿಂತುಹೋಗುತ್ತವೆ. ಕಾಜಾ ಹೊಲಿಯುವವಳಿಗಂತೂ ನಿನ್ನ ಸುದ್ದಿ ನನಗಿಂತ ಮೊದಲು ತಿಳಿಯಬೇಕು. ಶಾಲೆ ಶುರುವಾಗುವ ಸಮಯ, ಹೊಲಿಯಬೇಕಾದ ಸಮವಸ್ತ್ರದ ರಾಶಿ ಸೊಂಟದವರೆಗೆ ಬಂದಿದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನಾದರೂ ಯಾರೂ ಕದ್ದು ಕೇಳುವ ಹಾಗಿಲ್ಲ.

ವಿಷಯ ಇಷ್ಟು. ನಮ್ಮ ಸಮಾಜದ ಸಂಘದವರು ಹುಡುಗಿಯರ ಹಾಸ್ಟೆಲ್ ಮುಚ್ಚಿ, ಆ ಕಟ್ಟಡವನ್ನು ಅಂಗಡಿಗಳಿಗೆ ಬಿಡಲು ಹೊರಟಿದ್ದಾರೆ. ನವೆಂಬರಿನ ಮಹಾಸಭೆಯಲ್ಲಿ ಎಲ್ಲರ ಕೈ ಎತ್ತಿಸಿ ತೀರ್ಮಾನ ಮಾಡುತ್ತಾರಂತೆ. ಸಮಿತಿಯಲ್ಲಿ ಹೆಂಗಸು ಎಂದರೆ ನಾನೊಬ್ಬಳೇ. ಕಾರ್ಯದರ್ಶಿ ನನ್ನನ್ನೇ ಕೇಳಿದ, "ಅಕ್ಕ, ಈಗಿನ ಹುಡುಗೀರು ಬಸ್ಸಲ್ಲಿ ಓಡಾಡ್ಕೊಂಡೇ ಓದ್ಕೋತಾರೆ, ಹಾಸ್ಟೆಲ್ ಯಾಕೆ ಬೇಕು?" ಎಂದು. ಬಸ್ಸೇ ಹೋಗದ ಕಡೆಯಿಂದ ಬಂದ ಮಕ್ಕಳು ಅವರು. ಹಾಸ್ಟೆಲ್ ಬಾಗಿಲು ಹಾಕಿದ ದಿನವೇ ಅವರ ಪುಸ್ತಕವೂ ಮುಚ್ಚಿದ ಹಾಗೆ, ಆಮೇಲೆ ಮದುವೆಯೇ ಗತಿ. ಹೀಗೆಂದರೆ ಎಲ್ಲರೂ ಹೌದು ಹೌದು ಎಂದು ತಲೆಯಾಡಿಸುತ್ತಾರೆ. ಕೈ ಎತ್ತುವ ಹೊತ್ತಿಗೆ ಮಾತ್ರ ಅಧ್ಯಕ್ಷರ ಮುಖ ನೋಡುತ್ತಾರೆ.

ಅದಕ್ಕೆ ನಾನೊಂದು ಉಪಾಯ ಮಾಡಿದ್ದೇನೆ. ನಮ್ಮವರಲ್ಲಿ ಡಾಕ್ಟರೇಟ್ ಪಡೆದ ಮೊದಲ ಹೆಣ್ಣುಮಗಳು ನೀನು. ಮನೆಯಲ್ಲಿ ಜಾಗವಿಲ್ಲದೆ ಆ ಹಾಸ್ಟೆಲ್ಲಿನ ಓದುವ ಕೋಣೆಯಲ್ಲೇ ಕೂತು ಓದಿದವಳು. ಮಹಾಸಭೆಯ ದಿನ ನಿನ್ನನ್ನು ಕರೆಸಿ ಸನ್ಮಾನ ಮಾಡೋಣ ಎಂದೆ. ಅಧ್ಯಕ್ಷರು ಖುಷಿಯಿಂದ ಒಪ್ಪಿದರು. ಬೆಳಿಗ್ಗೆ ನಿನಗೆ ಸನ್ಮಾನ ಮಾಡಿ ಮಧ್ಯಾಹ್ನ ಹಾಸ್ಟೆಲ್ ಮುಚ್ಚಲು ಯಾರಿಗಾದರೂ ಮುಖವಿರುತ್ತದೆಯೇ? ನೀನು ಬಂದು ವೇದಿಕೆಯ ಮೇಲೆ ಸ್ವಲ್ಪ ಹೊತ್ತು ಕೂತರೆ ಸಾಕು, ಮಾತಾಡುವುದನ್ನು ನಾನು ನೋಡಿಕೊಳ್ಳುತ್ತೇನೆ.

ಆಮಂತ್ರಣದಲ್ಲಿ ನಿನ್ನ ಸಂಶೋಧನೆಯ ವಿಷಯ ಹಾಕಬೇಕಂತೆ. "ಕಾರ್ಖಾನೆ ಹೆಂಗಸರ ಬದುಕು" ಎಂದು ಬರೆಸಿದ್ದೇನೆ. ಸಾಕಲ್ಲವೇ?

ಹಲ್ಲಿನ ಡಾಕ್ಟರ್ ಹೇಗಿದ್ದಾರೆ?

ನಿನ್ನ
ಅಮ್ಮ


ಜುಲೈ ೧

ಅಮ್ಮಾ,

ಬರುತ್ತೇನೆ. ಮೊದಲು ಅದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಉಳಿದದ್ದನ್ನು ಓದುವುದಿಲ್ಲ.

"ಸಾಕಲ್ಲವೇ" ಎಂದು ಕೇಳಿದ್ದೀಯ. ಸಾಲದು, ಆದರೆ ಸುಳ್ಳೂ ಅಲ್ಲ. ನಾನು ಬರೆದಿರುವುದು ಕಾರ್ಖಾನೆಯ ವಸತಿಗಳಲ್ಲಿ ಗಂಡನಿಲ್ಲದೆ, ಇಬ್ಬಿಬ್ಬರೇ ಸಂಸಾರ ಹೂಡಿ ಮುಪ್ಪಿನವರೆಗೂ ಒಟ್ಟಿಗೆ ಬಾಳಿದ ಹೆಂಗಸರ ಬಗ್ಗೆ. ನೀನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಹೇಳಬೇಕಾದ ಒಂದನ್ನು ಮಾತ್ರ ನಾಲ್ಕು ವರ್ಷದ ಕೆಳಗೇ ಹೇಳಿದ್ದೇನೆ. ಮಧ್ಯಾಹ್ನ, ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಡಾಕ್ಟರ್ ಬರೀ ಗೆಳತಿಯಲ್ಲ, ನಾವು ಜೊತೆಯಾಗಿ ಬಾಳಬೇಕೆಂದಿದ್ದೇವೆ ಎಂದೆ. ನಿನ್ನ ಬಾಯಿ ತುಂಬ ಗುಂಡುಸೂಜಿಗಳಿದ್ದವು. ಒಂದೊಂದನ್ನೇ ತೆಗೆದು ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, "ಊಟಕ್ಕೆ ಏಳು" ಎಂದೆ. ಅಂದಿನಿಂದ ಪ್ರತಿ ಕಾಗದದ ಕೊನೆಯಲ್ಲೂ ಡಾಕ್ಟರ್ ಹೇಗಿದ್ದಾರೆ ಎಂದು ಕೇಳುತ್ತೀಯ. ಚೆನ್ನಾಗಿದ್ದಾಳೆ ಎಂದು ನಾನು ಬರೆಯುತ್ತೇನೆ. ನಮ್ಮ ಮಾತು ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿಲ್ಲ. ಇದು ದೂರಲ್ಲ ಅಮ್ಮಾ. ಇಲ್ಲಿನ ಎಷ್ಟೋ ಗೆಳತಿಯರ ಮನೆಗಳಲ್ಲಿ ಅಷ್ಟನ್ನೂ ಕೇಳುವವರಿಲ್ಲ.

ಇಲ್ಲಿ ನನ್ನ ನೌಕರಿ ಇನ್ನೂ ವರ್ಷ ವರ್ಷ ಮುಂದುವರಿಸುವ ಲೆಕ್ಕದಲ್ಲೇ ಇದೆ. ಖಾಯಂ ಮಾಡುವ ಕಡತ ನಮ್ಮ ವಿಭಾಗದ ಮುಖ್ಯಸ್ಥೆಯ ಮೇಜಿನ ಮೇಲಿದೆ. ಒಳ್ಳೆಯ ಹೆಂಗಸು. ನನ್ನ ವಿಷಯ ಗೊತ್ತಿದ್ದೂ ಮುಖ ತಿರುಗಿಸಲಿಲ್ಲ, ಬದಲಿಗೆ ಬಹಳವೇ ಮುಖ ಕೊಟ್ಟರು. ಆಗಸ್ಟಿನಲ್ಲಿ ಉಪನ್ಯಾಸಮಾಲೆ ಶುರು ಮಾಡುತ್ತಿದ್ದಾರೆ, ಮೊದಲ ಮಾತು ನನ್ನದೇ ಆಗಬೇಕಂತೆ, ಅದೂ ನನ್ನ ಸ್ವಂತ ಬದುಕಿನ ಬಗ್ಗೆ. "ಒತ್ತಾಯ ಏನಿಲ್ಲ" ಎಂದರು. ಚಹಾ ಮುಗಿಯುವುದರೊಳಗೆ ಮತ್ತೆರಡು ಸಲ ಒತ್ತಾಯವಿಲ್ಲ ಎಂದರು. ಒಪ್ಪಿಕೊಂಡೆ.

ಒಂದು ಕೇಳಲೇ? ನವೆಂಬರಿನಲ್ಲಿ ಅವಳನ್ನೂ ಕರೆತರಲೇ? ವೇದಿಕೆ ಬೇಡವಂತೆ. ಕೊನೆಯ ಸಾಲಿನಲ್ಲಿ ಕೂತು ನನ್ನನ್ನು ನೋಡಬೇಕಂತೆ, ಅಷ್ಟೇ.

ಕುಳ್ಳಿ


ಜುಲೈ ೨೬

ಕುಳ್ಳಿ,

ಉತ್ತರ ತಡವಾಯಿತು. ಬರೆಯಲು ಕೂತಾಗಲೆಲ್ಲ ಯಾರಾದರೂ ಅಳತೆ ಕೊಡಲು ಬರುತ್ತಿದ್ದರು ಎನ್ನಬಹುದು. ನಿಜ ಹೇಳಬೇಕೆಂದರೆ ನೀನು ಕೇಳಿದ್ದಕ್ಕೆ ಹೂಂ ಎನ್ನುವುದೋ ಬೇಡವೋ ತಿಳಿಯದೆ ಒದ್ದಾಡುತ್ತಿದ್ದೆ. ಅಷ್ಟರಲ್ಲಿ ನಾನೇ ಒಂದು ಎಡವಟ್ಟು ಮಾಡಿಕೊಂಡೆ.

ಸಮಿತಿ ಸಭೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ಕಾರ್ಯದರ್ಶಿ ಎಲ್ಲರಿಗೂ ಕೇಳುವ ಹಾಗೆ ನಿನ್ನ ಮದುವೆಯ ಮಾತು ತೆಗೆದ. ಇಷ್ಟು ಓದಿದ ಹುಡುಗಿ ಇನ್ನೂ ಯಾಕೆ ಹಾಗೇ ಇದ್ದಾಳೆ, ಹಾಸ್ಟೆಲ್ಲಿನ ಹುಡುಗಿಯರ ತಂದೆತಾಯಿಗಳು ಕೇಳಿದರೆ ಏನು ಹೇಳುವುದು ಎಂದ. ನಗುನಗುತ್ತಲೇ ಕೇಳಿದ. ಅಧ್ಯಕ್ಷರೂ ನನ್ನ ಮುಖ ನೋಡಿದರು. "ಗೊತ್ತಾಗಿದೆ" ಎಂದುಬಿಟ್ಟೆ. ಬಾಯಿಂದ ಬಿದ್ದದ್ದನ್ನು ಮತ್ತೆ ಹೆಕ್ಕಿಕೊಳ್ಳುವ ಹಾಗಿಲ್ಲ. ಏನು ಮಾಡಿಕೊಂಡಿದ್ದಾರೆ ಎಂದರು. ಡಾಕ್ಟರ್ ಎಂದೆ. ಯಾವ ಡಾಕ್ಟರ್? ಹಲ್ಲಿನ ಡಾಕ್ಟರ್. ಸ್ವಭಾವ ಹೇಗೆ? ಮಾತು ಕಡಿಮೆ, ಕೈ ಬಹಳ ಹಗುರ, ನೋವೇ ಆಗುವುದಿಲ್ಲವಂತೆ ಎಂದೆ. ಕಾಜಾ ಹೊಲಿಯುವವಳು ಮಾರನೆಯ ದಿನ ಅಂಗಡಿಯಲ್ಲಿ ಇನ್ನಷ್ಟು ಕೇಳಿದಳು. ಹಾಳಾದ ರೇಡಿಯೋ ತಾವೇ ಬಿಚ್ಚಿ ಸರಿಮಾಡುತ್ತಾರೆ, ಮಲಗುವಾಗ ಕನ್ನಡಕ ತೆಗೆಯಲು ಮರೆಯುತ್ತಾರೆ ಎಂದೆ. ನೀನು ಬರೆದದ್ದೆಲ್ಲ ನನಗೆ ನೆನಪಿದೆ ನೋಡು.

ನಾನು ಎಲ್ಲೂ ಸುಳ್ಳು ಹೇಳಲಿಲ್ಲ ಕುಳ್ಳಿ. ಎಲ್ಲ ಮಾತಿಗೂ "ಅವರು" ಎಂದೆ. ಅವರು ಎಂದರೆ ಯಾರು ಬೇಕಾದರೂ ಆಗಬಹುದು. ಕೇಳಿದವರು ಗಂಡಸೆಂದುಕೊಂಡರೆ ಅದು ಅವರವರ ಕಿವಿಯ ತಪ್ಪು.

ಆದರೆ ಈಗ ಅವರನ್ನು ಕರೆಸುವುದು ಹೇಗೆ? ಜೊತೆಯಲ್ಲಿ ಬಂದವರು ಯಾರು ಎಂದರೆ ಡಾಕ್ಟರ್ ಎನ್ನಬೇಕು. ಡಾಕ್ಟರ್ ಎಂದರೆ ಊರೆಲ್ಲ ಎದ್ದು ನಿಂತು ನೋಡುತ್ತದೆ. ಈ ಸಲ ನೀನೊಬ್ಬಳೇ ಬಾ. ಹಾಸ್ಟೆಲ್ಲಿನದೊಂದು ಮುಗಿಯಲಿ.

ಅವರಿಗೆ ನನ್ನ ಮೇಲೆ ಸಿಟ್ಟು ಬೇಡವೆಂದು ಹೇಳು.

ಅಮ್ಮ


ಆಗಸ್ಟ್ ೨೦

ಅಮ್ಮಾ,

ನಿನ್ನ ಕಾಗದವನ್ನು ಅವಳೆದುರಿಗೇ ಓದಿದೆ. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಗಂಡಸಾಗಿ ನಿಮ್ಮೂರಲ್ಲಿ ನಾನು ಎಷ್ಟು ಚೆನ್ನಾಗಿ ಬದುಕ್ತಿದ್ದೀನಿ ನೋಡು" ಎಂದಳು. ಆಮೇಲೆ ಪಾತ್ರೆ ತೊಳೆಯಲು ಎದ್ದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಕನ್ನಡಕದ ವಿಷಯ ಅಮ್ಮನಿಗೂ ಗೊತ್ತಾ ಎಂದು ಒಂದೇ ಒಂದು ಸಲ ಕೇಳಿದಳು. ಸಿಟ್ಟು ಬಂದದ್ದು ನನಗೆ. ನೀನು ಅವಳನ್ನು ಇಷ್ಟು ಸರಿಯಾಗಿ ಬಲ್ಲೆ, ಇಷ್ಟು ಪ್ರೀತಿಯಿಂದ ಊರಿಗೆಲ್ಲ ಹೇಳಬಲ್ಲೆ, ಆದರೆ ಬಾಗಿಲೊಳಗೆ ಬಾ ಎನ್ನಲಾರೆ.

ಇನ್ನು ನನ್ನ ಉಪನ್ಯಾಸದ ಕಥೆ. ಸಭಾಂಗಣ ತುಂಬಿತ್ತು. ನನ್ನ ಬೆನ್ನ ಹಿಂದೆ ದೊಡ್ಡ ಪರದೆ, ಅದರ ಮೇಲೆ ಒಂದು ಇಕ್ಕಟ್ಟಾದ ಕತ್ತಲೆ ಓಣಿಯ ಚಿತ್ರ. ನಮ್ಮ ಓಣಿಯಲ್ಲ, ಎಲ್ಲಿಂದಲೋ ಹುಡುಕಿ ತೆಗೆದದ್ದು. "ಉಸಿರುಗಟ್ಟಿಸುವ ಇಂಥ ಜಾಗದಿಂದ ತಪ್ಪಿಸಿಕೊಂಡು ಬಂದವರು" ಎಂದು ಮುಖ್ಯಸ್ಥೆ ನನ್ನನ್ನು ಪರಿಚಯಿಸಿದರು. ನಾನು ಯಾವಾಗ ತಪ್ಪಿಸಿಕೊಂಡೆ? ನೀನೇ ಬಸ್ಸು ಹತ್ತಿಸಿದ್ದು. ಅಪ್ಪ ತೀರಿಕೊಂಡಾಗ ಹೆಗಲು ಕೊಟ್ಟವರು ಇದೇ ಅಧ್ಯಕ್ಷರು. ಅದನ್ನೆಲ್ಲ ಹೇಳಬೇಕೆಂದು ಟಿಪ್ಪಣಿ ಮಾಡಿಕೊಂಡಿದ್ದೆ. ಆದರೆ ಅಲ್ಲಿ ಕೂತವರ ಮುಖ ನೋಡಿದರೆ ಅವರಿಗೆ ಬೇಕಾಗಿದ್ದದ್ದು ಅದಲ್ಲ. ಒಬ್ಬ ವಿದ್ಯಾರ್ಥಿ ಎದ್ದು, ನಿಮ್ಮ ತಾಯಿಗೆ ಗೊತ್ತಾದರೆ ಏನು ಮಾಡುತ್ತಾರೆ ಎಂದು ಕೇಳಿದ. ಗೊತ್ತಿದೆ, ಊಟಕ್ಕೆ ಏಳು ಅಂದರು ಎಂದೆ. ಸಭಾಂಗಣವೆಲ್ಲ ನಕ್ಕಿತು. ನಾನು ನಗಿಸಲು ಹೇಳಿದ್ದಲ್ಲ.

ಅಲ್ಲಿ ನಿನ್ನ ಮಗಳಾಗಿ ಅರ್ಧ, ಇಲ್ಲಿ ಅವಳ ಜೊತೆಯವಳಾಗಿ ಅರ್ಧ. ಎರಡು ಕಡೆಯವರೂ ಉಳಿದ ಅರ್ಧವನ್ನು ಬಾಗಿಲಾಚೆ ಬಿಟ್ಟು ಬಾ ಎನ್ನುತ್ತಾರೆ.

ಉಪನ್ಯಾಸವನ್ನು ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಹಾಕುತ್ತಾರಂತೆ. ಬೇಡ ಎನ್ನಬೇಕೆಂದುಕೊಂಡೆ. ಮೇಜಿನ ಮೇಲಿನ ಕಡತ ಕಣ್ಣಿಗೆ ಬಿತ್ತು, ಸುಮ್ಮನಾದೆ. ಅಲ್ಲಿ ಯಾರು ನೋಡುತ್ತಾರೆ ಎಂದು ಧೈರ್ಯ ತಂದುಕೊಂಡಿದ್ದೇನೆ.

ಕುಳ್ಳಿ


ಸೆಪ್ಟೆಂಬರ್ ೩೦

ಕುಳ್ಳಿ,

ನೋಡಿದರು.

ಕೆಲಸದವರು ಊಟಕ್ಕೆ ಹೋದ ಹೊತ್ತು ನೋಡಿಕೊಂಡು ಕಾರ್ಯದರ್ಶಿ ಅಂಗಡಿಗೆ ಬಂದ. ಕಾಲರ್ ಸವೆದ ಅಂಗಿಯೊಂದನ್ನು ತಂದಿದ್ದ, ತಿರುಗಿಸಿ ಹೊಲಿದುಕೊಡಬೇಕಂತೆ. ಅಂಗಿಯ ಮಡಿಕೆಯೊಳಗಿನಿಂದ ನಾಲ್ಕು ಹಾಳೆ ತೆಗೆದು ಕತ್ತರಿಸುವ ಮೇಜಿನ ಮೇಲೆ ಹರಡಿದ. ನಿನ್ನ ಭಾಷಣ, ನಿನ್ನ ಫೋಟೋ. ಫೋಟೋ ಚೆನ್ನಾಗಿ ಬಂದಿದೆ. ಭುಜ ಮಾತ್ರ ಯಾಕೋ ಇಳಿದಿದೆ.

"ಅಕ್ಕ, ಇದನ್ನ ಇನ್ನೂ ಯಾರಿಗೂ ತೋರಿಸಿಲ್ಲ. ನಿಮ್ಮ ಮರ್ಯಾದೆ ಬೇರೆ, ನಮ್ಮ ಮರ್ಯಾದೆ ಬೇರೆನಾ? ಅವಳಿಗೆ ರಜ ಸಿಗ್ಲಿಲ್ಲ ಅಂತ ಹೇಳಿ ಸನ್ಮಾನ ನಿಲ್ಲಿಸ್ಬಿಡಿ. ಹಾಸ್ಟೆಲ್ ವಿಷಯದಲ್ಲಿ ನೀವು ಸ್ವಲ್ಪ ಸುಮ್ನಿರಿ, ಅಷ್ಟೇ" ಎಂದ.

ಗದರಲಿಲ್ಲ, ಹೆದರಿಸಲಿಲ್ಲ. ಅಂಗಿ ಯಾವಾಗ ಸಿಗುತ್ತದೆ ಎಂದು ಕೇಳಿ ಹೋದ.

ಅವನು ಹೋದ ಮೇಲೆ ಓದಿದೆ. ನನ್ನ ಮಾತೂ ಅದರಲ್ಲಿದೆ. ಅದರ ಪಕ್ಕದಲ್ಲಿ ಕಂಸ ಹಾಕಿ "ನಗು" ಎಂದು ಅಚ್ಚು ಮಾಡಿದ್ದಾರೆ. ಆ ದಿನ ನನಗೆ ಬೇರೆ ಮಾತು ಬರಲಿಲ್ಲ ಕುಳ್ಳಿ. ಬಂದಿದ್ದರೆ ಆಡುತ್ತಿದ್ದೆ. ನೀನು ಅಷ್ಟು ಹೇಳಿ, ಹಸಿದ ಮುಖ ಮಾಡಿಕೊಂಡು ನಿಂತಿದ್ದೆ. ನನಗೆ ಕಂಡದ್ದು ಅದೊಂದೇ.

ಈಗ ನನ್ನ ಸ್ಥಿತಿ ಕೇಳು. ಹಾಸ್ಟೆಲ್ ಬಿಟ್ಟುಕೊಟ್ಟರೆ ಆ ಹುಡುಗಿಯರು ಮನೆಗೆ. ಬಿಟ್ಟುಕೊಡದಿದ್ದರೆ ಈ ಹಾಳೆಗಳು ಸಭೆಗೆ. ಹಾಸ್ಟೆಲ್ಲಿನಲ್ಲಿ ಓದಿದ್ದಕ್ಕೆ ಇವಳು ಹೀಗಾದಳು ಎಂದು ನಾನು ಹೇಳಬೇಕೆಂದಿದ್ದೆ. ಅದನ್ನೇ ಅವನೂ ಹೇಳುತ್ತಾನೆ. ಮಾತೂ ಅದೇ, ಮಗಳೂ ಅದೇ. ಆಮೇಲೆ ಯಾವ ತಂದೆ ತನ್ನ ಮಗಳನ್ನು ಅಲ್ಲಿ ಇರಗೊಡುತ್ತಾನೆ?

ಒಂದೇ ದಾರಿ ಕಾಣುತ್ತಿದೆ. ನೀನೇ ಎರಡು ಸಾಲು ಬರೆದು ಸಹಿ ಹಾಕಿ ಕಳಿಸಬೇಕು, ಅದೆಲ್ಲ ನಿನ್ನ ಸಂಶೋಧನೆ, ನಿನ್ನ ಬದುಕಲ್ಲ ಎಂದು. ನಿನ್ನ ಕೈಬರಹ ನನ್ನ ಹತ್ತಿರ ಇದ್ದರೆ ಅವನ ಹಾಳೆಗಳಿಗೆ ಬೆಲೆ ಇರುವುದಿಲ್ಲ. ಕೇಳಬಾರದೆಂದು ನನಗೂ ಗೊತ್ತು. ಕೇಳುತ್ತಿದ್ದೇನೆ.

ಅಂಗಿ ಹೊಲಿದುಕೊಟ್ಟೆ. ಬೇಡವೆಂದರೆ ಕಾಜಾ ಹೊಲಿಯುವವಳು ಕಾರಣ ಕೇಳುತ್ತಿದ್ದಳು.

ಅಮ್ಮ


ಅಕ್ಟೋಬರ್ ೧೭

ಅಮ್ಮಾ,

ಇದರ ಜೊತೆಗೆ ಹಾಳೆ ಇಟ್ಟಿದ್ದೇನೆ. ನೀನು ಕೇಳಿದ್ದು ಎರಡು ಸಾಲು, ಮೂರಾಗಿದೆ.

ಮೊದಲು ಭಾಷಣವನ್ನೇ ತೆಗೆಸೋಣ ಎಂದು ಮುಖ್ಯಸ್ಥೆಯ ಹತ್ತಿರ ಹೋದೆ. ಊರಿನಲ್ಲಿ ಆದದ್ದನ್ನೆಲ್ಲ ಹೇಳಿದೆ. ಅವರ ಕಣ್ಣು ತುಂಬಿ ಬಂತು, ನಾಟಕವಲ್ಲ. ಭಾಷಣ ತೆಗೆದರೆ ಸೋತಂತೆ, ಬದಲಿಗೆ ವಿಶ್ವವಿದ್ಯಾಲಯದ ಪರವಾಗಿ ಹೇಳಿಕೆ ಕೊಡೋಣ, ನಿಮ್ಮ ಸಂಘದ ಹೆಸರು ಹಾಕಿ ಖಂಡಿಸೋಣ, ಪತ್ರಿಕೆಯವರನ್ನೂ ಕರೆಯೋಣ ಎಂದರು. ಆಗಲೇ ಫೋನಿಗೆ ಕೈ ಹಾಕಿದ್ದರು. ಹೇಳಿಕೆ ಪತ್ರಿಕೆಯಲ್ಲಿ ಬಂದ ಮಾರನೆಯ ದಿನ ಹಾಸ್ಟೆಲ್ಲಿನ ಮುಂದೆ ತಂದೆಯರ ಸಾಲು ನಿಲ್ಲುತ್ತದೆಂದು ಅವರಿಗೆ ಎಷ್ಟು ಹೇಳಿದರೂ ಅರ್ಥವಾಗಲಿಲ್ಲ. ದಮ್ಮಯ್ಯ, ನನ್ನ ಪರವಾಗಿ ಹೋರಾಡಬೇಡಿ ಎಂದು ಬೇಡಿಕೊಳ್ಳಬೇಕಾಯಿತು. ಕೊನೆಗೆ ಸುಮ್ಮನಾದರು. ಬೇಸರವಾಗಿದೆಯೆಂದು ಮುಖದಲ್ಲೇ ಕಾಣುತ್ತಿತ್ತು. ಭಾಷಣ ಅಲ್ಲೇ ಇದೆ.

ಹಾಗಾಗಿ ಮನೆಗೆ ಬಂದು ಇದನ್ನು ಬರೆದೆ.

"ನನ್ನ ಸಂಶೋಧನೆ ಬೇರೆಯವರ ಬದುಕಿಗೆ ಸಂಬಂಧಿಸಿದ್ದು. ನನ್ನ ಸ್ವಂತ ಬದುಕಿಗೂ ಅದಕ್ಕೂ ಯಾವ ನಂಟೂ ಇಲ್ಲ. ನನ್ನ ಜೊತೆಯಲ್ಲಿರುವವರು ಮನೆ ಬಾಡಿಗೆ ಹಂಚಿಕೊಂಡಿರುವ ಗೆಳತಿ."

ಮೂರನೆಯ ಸಾಲು ನೀನು ಕೇಳಿರಲಿಲ್ಲ. ಅದಿಲ್ಲದಿದ್ದರೆ ಕಾರ್ಯದರ್ಶಿ ಅದನ್ನೇ ಕೇಳುತ್ತಾನೆಂದು ನಾನೇ ಸೇರಿಸಿದೆ. "ಗೆಳತಿ ಮಾತ್ರ" ಎಂದು ಬರೆದಿದ್ದೆ. ಡಾಕ್ಟರ್ ನನ್ನ ಹಿಂದೆ ನಿಂತು ಓದುತ್ತಿದ್ದಳು. "ಮಾತ್ರ ಅನ್ನೋದು ತೆಗಿ, ಜಾಸ್ತಿ ಹೇಳಿದ್ರೆ ಅನುಮಾನ ಬರುತ್ತೆ" ಎಂದಳು. ರೋಗಿಗೆ ಬಾಯಿ ಇನ್ನೂ ಸ್ವಲ್ಪ ತೆರೆಯಿರಿ ಎನ್ನುತ್ತಾಳಲ್ಲ, ಅದೇ ದನಿಯಲ್ಲಿ. ತೆಗೆದೆ.

ಬೇರೊಂದು ಊರಿನ ಆಸ್ಪತ್ರೆಯಿಂದ ಅವಳಿಗೆ ಕರೆ ಬಂದಿದೆ. ಇನ್ನೂ ಒಪ್ಪಿಲ್ಲ. "ನಿನಗೆ ಎರಡು ಊರಿದೆ ಅಂತ ಒದ್ದಾಡ್ತೀಯ. ನಾನು ಎರಡರಲ್ಲೂ ಇಲ್ಲ" ಎಂದಳು. ಇಲ್ಲಿನ ನಿನ್ನ ಜನಕ್ಕೆ ನಾನು ನಿನ್ನ ಉಪನ್ಯಾಸದ ಒಂದು ಉದಾಹರಣೆ, ಅಲ್ಲಿನವರಿಗೆ ಒಬ್ಬ ಗಂಡಸು ಎಂದಳು.

ಸನ್ಮಾನ ಬೇಡವೆಂದು ಹೇಳಿಬಿಡು, ನಾನು ಬರುವುದಿಲ್ಲ. ಹಾಳೆಯನ್ನು ಓದುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಕುಳ್ಳಿ


ನವೆಂಬರ್ ೨೪

ಕುಳ್ಳಿ,

ಓದಿದೆ. ಹಾಸ್ಟೆಲ್ ಉಳಿಯಿತು.

ಇಷ್ಟೇ ಬರೆದು ಅಂಚೆಗೆ ಹಾಕೋಣವೆಂದಿದ್ದೆ. ಆದರೆ ನೀನು ಕೊಟ್ಟದ್ದು ಏನಾಯಿತೆಂದು ನಿನಗೆ ತಿಳಿಯಬೇಕು.

ಓದಲೇಬಾರದು ಎಂದುಕೊಂಡೇ ಹೋಗಿದ್ದೆ. ಹಾಳೆ ಚೀಲದಲ್ಲಿತ್ತು. ಬೆಳಗಿನ ಕಲಾಪ ಮುಗಿದು ಚಹಾಕ್ಕೆ ಬಿಟ್ಟರು. ತಿರುಗಿ ಬಂದು ನೋಡಿದರೆ ಮುಂದಿನ ಸಾಲಿನ ಗಂಡಸರ ಕೈಯಲ್ಲೆಲ್ಲ ನಿನ್ನ ಭಾಷಣ. ಯಾರೂ ನನ್ನ ಕಡೆ ನೋಡುತ್ತಿಲ್ಲ, ಎಲ್ಲರ ತಲೆಯೂ ಬಗ್ಗಿದೆ. ಹಾಸ್ಟೆಲ್ ವಿಷಯ ಮಾತಾಡಲು ನಾನು ಎದ್ದೆ. ಮೊದಲ ಮಾತಿಗೇ ಹಿಂದಿನಿಂದ ಯಾರೋ, "ಹಾಸ್ಟೆಲಲ್ಲಿ ಓದ್ಸಿದ್ದಕ್ಕೆ ಇದೇನಾ ಸಿಕ್ಕಿದ್ದು?" ಎಂದರು. ಹೆಂಗಸರ ಕಡೆಯ ಕುರ್ಚಿಗಳಲ್ಲಿ ಗುಸುಗುಸು ಎದ್ದಿತು. ಹಾಸ್ಟೆಲ್ಲಿನ ಹುಡುಗಿಯರು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು, ನಾನೇ ಕರೆಸಿದ್ದೆ, ಅವರನ್ನು ನೋಡಿದರೆ ಕೆಲವರಾದರೂ ಕರಗುತ್ತಾರೆಂದು. ಅವರೆಲ್ಲ ನನ್ನನ್ನೇ ನೋಡುತ್ತಿದ್ದರು.

ಅಧ್ಯಕ್ಷರು ಮುಜುಗರದಿಂದ, "ಏನಮ್ಮ ಇದು, ನೀವೇ ಏನಾದ್ರೂ ಹೇಳಿ" ಎಂದರು.

ಚೀಲಕ್ಕೆ ಕೈ ಹಾಕಿದೆ. ಮೊದಲ ಎರಡು ಸಾಲನ್ನು ತಲೆ ತಗ್ಗಿಸಿಕೊಂಡೇ ಓದಿದೆ. ಕೇಳಿಸುತ್ತಿಲ್ಲ ಎಂದರು. ಮೂರನೆಯದನ್ನು ಜೋರಾಗಿ ಓದಿದೆ.

ಆಮೇಲೆ ಆದದ್ದನ್ನು ನಾನು ಎಣಿಸಿರಲಿಲ್ಲ. ಅಧ್ಯಕ್ಷರು ನಿನ್ನ ಸಹಿಯನ್ನು ಹತ್ತಿರ ತಂದು ನೋಡಿ, ಕಾರ್ಯದರ್ಶಿಯ ಮೇಲೆ ತಿರುಗಿಬಿದ್ದರು. "ಓದಿದ ಹೆಣ್ಣುಮಗಳ ಮೇಲೆ ಇಂಥ ಅಪವಾದ ಹೊರಿಸೋಕೆ ನಾಲಿಗೆ ಹೇಗೆ ಬಂತಯ್ಯ? ನಾಳೆ ನಿನ್ನ ಮಗಳ ಮೇಲೂ ಹೊರಿಸ್ತಾರೆ" ಎಂದರು. ಸಭೆಯಲ್ಲಿ ಛೀಮಾರಿ ಎದ್ದಿತು. ಯಾರೋ ಹಾಳೆಗಳನ್ನು ಹರಿದರು. ಆ ಬಿಸಿಯಲ್ಲೇ ಹಾಸ್ಟೆಲ್ ವಿಷಯ ಬಂತು, ಕೈಗಳು ಎದ್ದವು. ಅಂಗಡಿ ಸಾಲಿನ ಮಾತು ಬಿದ್ದುಹೋಯಿತು. ಕಾಜಾ ಹೊಲಿಯುವವಳು ನನ್ನನ್ನು ತಬ್ಬಿಕೊಂಡು ಅತ್ತಳು.

ಇಡೀ ಸಭೆ ನಿನ್ನ ಪರವಾಗಿ ಎದ್ದು ನಿಂತಿತು ಕುಳ್ಳಿ, ನೀನು ಅಂಥವಳಲ್ಲ ಎಂದು. ಜನ ನಿನ್ನನ್ನು ಎಷ್ಟು ಪ್ರೀತಿಸುತ್ತಾರೆಂದು ಆವತ್ತು ಕಂಡೆ. ಯಾವ ಕರಾರಿನ ಮೇಲೆ ಪ್ರೀತಿಸುತ್ತಾರೆಂಬುದನ್ನೂ ಕಂಡೆ.

ಹೊರಡುವಾಗ ಅಧ್ಯಕ್ಷರು ನನ್ನನ್ನು ತಡೆದು ಡಾಕ್ಟರ್ ಜೊತೆ ಮದುವೆ ಯಾವಾಗ ಎಂದು ಕೇಳಿದರು. ಮುಂದಿನ ವರ್ಷ ಎಂದೆ. ಮನೆಗೆ ಬಂದು ದೀಪ ಹಾಕದೆ ಕೂತೆ. ಗೆದ್ದು ಬಂದವಳ ಹಾಗೆ ಅನ್ನಿಸಲಿಲ್ಲ.

ಅವರು ಹೇಗಿದ್ದಾರೆ?

ಅಮ್ಮ


ಜನವರಿ ೧೨

ಅಮ್ಮಾ,

ನಿನ್ನ ಎರಡು ಫೋನಿಗೂ ನಾನು ಸರಿಯಾಗಿ ಮಾತಾಡಲಿಲ್ಲ. ನಿನ್ನ ಹಿಂದೆ ಮಷಿನ್ನುಗಳು ನಿಂತದ್ದು ಕೇಳಿಸುತ್ತಿತ್ತು.

ಡಾಕ್ಟರ್ ಹೋದಳು. ಆ ಆಸ್ಪತ್ರೆಯ ಕೆಲಸ ಒಪ್ಪಿಕೊಂಡಿದ್ದಾಳೆ. ಜಗಳವಾಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು. ಪುಸ್ತಕಗಳನ್ನು ಇಬ್ಬರೂ ನೆಲದ ಮೇಲೆ ಕೂತು ಬೇರೆ ಮಾಡಿದೆವು. ಯಾವುದು ಯಾರದೆಂದು ಗೊತ್ತಾಗದವನ್ನು ನನಗೇ ಬಿಟ್ಟಳು. ಹಾಳೆ ಬರೆದದ್ದಕ್ಕೆ ಹೋಗುತ್ತಿದ್ದೀಯಾ ಎಂದು ಕೇಳಿದೆ. "ಅಲ್ಲ. ಬರೀಬೇಡ ಅಂತ ನನಗೂ ಹೇಳೋಕಾಗ್ಲಿಲ್ಲ. ಇನ್ನೊಂದು ಸಲ ಇಂಥದ್ದು ಬಂದ್ರೂ ಹೇಳೋಕಾಗಲ್ಲ. ಅದಕ್ಕೆ" ಎಂದಳು. ಬಾಡಿಗೆ ಹಂಚಿಕೊಂಡವಳ ಹಾಗೆಯೇ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟಳು. ಬೇಕೆಂದೇ ಹಾಗೆ ಮಾಡಿದಳೋ ಏನೋ.

ಕಾರ್ಯದರ್ಶಿಗೆ ಸಿಟ್ಟು ಆರಿಲ್ಲ. ಸಂಘದ ಕಡತದಲ್ಲಿದ್ದ ನನ್ನ ಹಾಳೆಯ ಫೋಟೋ ತೆಗೆದು ಇಲ್ಲಿಗೆ ಕಳಿಸಿದ್ದಾನೆ. ಮುಖ್ಯಸ್ಥೆ ಕರೆಸಿ, ಇದನ್ನು ನಿಮ್ಮ ಮನೆಯವರು ಬಲವಂತವಾಗಿ ಬರೆಸಿಕೊಂಡರೆಂದು ಒಂದು ಮಾತು ಬರೆದುಕೊಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದರು. ಅಂದರೆ ನಿನ್ನ ಹೆಸರು ಬರೆಯಬೇಕು. ಇಲ್ಲ, ನಾನೇ ಬರೆದದ್ದು ಎಂದೆ. ಹಾಗಾದರೆ ನಮ್ಮ ವಿದ್ಯಾರ್ಥಿಗಳಿಗೆ ಏನು ಹೇಳಲಿ ಎಂದರು. ನನ್ನ ಕೋಣೆಗೆ ಬಂದು ಗಂಟೆಗಟ್ಟಲೆ ಹರಟುತ್ತಿದ್ದ ಹುಡುಗ ಹುಡುಗಿಯರು ಈಗ ಬಾಗಿಲ ಹೊರಗೇ ನಿಂತು, ಹಾಜರಾತಿಗೆ ಸಹಿ ಮಾಡಿಸಿಕೊಂಡು ಹೋಗುತ್ತಾರೆ. ಕಡತ ಹಿಂದಕ್ಕೆ ಬಂದಿದೆ. ಮತ್ತೆ ಒಂದು ವರ್ಷದ ಲೆಕ್ಕ.

ರಜೆಗೆ ಬಾ ಎಂದೆಯಲ್ಲ. ಬಂದರೆ ಮದುವೆ ಗೊತ್ತಾದ ಹುಡುಗಿಯಾಗಿ ಬರಬೇಕು. ಇಲ್ಲೇ ಇದ್ದರೆ ಮಾತು ತಪ್ಪಿದವಳಾಗಿ ಇರಬೇಕು. ಸದ್ಯಕ್ಕೆ ಮನೆಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೇನೆ.

ನಿನ್ನ ಮೇಲೆ ಸಿಟ್ಟಿಲ್ಲ. ಇದ್ದಿದ್ದರೆ ಬರೆಯುವುದು ಸುಲಭವಾಗುತ್ತಿತ್ತು.

ಕುಳ್ಳಿ


ಫೆಬ್ರವರಿ ೨೦

ಕುಳ್ಳಿ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಏನು ಬರೆದರೂ ಸಮಾಧಾನದ ಮಾತಾಗುತ್ತಿತ್ತು, ಹರಿದು ಹಾಕುತ್ತಿದ್ದೆ. ಈಗ ಹೇಳಲು ಒಂದು ಸಂಗತಿ ಇದೆ.

ಹಾಸ್ಟೆಲ್ಲಿನಲ್ಲಿ ಒಬ್ಬ ಹುಡುಗಿ ಇದ್ದಾಳೆ, ಎರಡನೆಯ ವರ್ಷ ಓದುತ್ತಿದ್ದಾಳೆ. ತನ್ನ ಪಾಡಿಗೆ ತಾನಿರುವವಳು. ಮಹಾಸಭೆಯಾದ ಮೇಲೆ ಸರಿಯಾಗಿ ಊಟ ಮಾಡುತ್ತಿಲ್ಲ, ಕಾಲೇಜಿಗೂ ಹೋಗುತ್ತಿಲ್ಲ, ಮನೆಗೆ ಹೋಗುತ್ತೇನೆ ಎನ್ನುತ್ತಾಳೆ ಎಂದು ಮೇಲ್ವಿಚಾರಕಿ ಹೇಳಿದರು. ಮೈ ಸರಿಯಿಲ್ಲವೇನೋ ಎಂದುಕೊಂಡೆ. ಹೋದ ವಾರ ಅವಳೇ ಅಂಗಡಿಗೆ ಬಂದಳು. ಹರಿದ ಚೀಲ ಹೊಲಿಸಬೇಕೆಂದಳು. ಎಲ್ಲರೂ ಹೋಗುವವರೆಗೂ ಬಾಗಿಲ ಹತ್ತಿರ ನಿಂತೇ ಇದ್ದಳು. ಆಮೇಲೆ, "ಆ ಚೀಟಿ ಅಕ್ಕನೇ ಬರೆದಿದ್ದಾ?" ಎಂದು ಕೇಳಿದಳು.

ಹೌದು ಎಂದೆ. ಸರಿ ಎಂದು ಚೀಲ ಎತ್ತಿಕೊಂಡು ಹೊರಟಳು.

ನಿನ್ನ ಭಾಷಣವನ್ನು ಅವಳು ನಮಗಿಂತ ಮೊದಲೇ ಓದಿದ್ದಳಂತೆ. ಎಷ್ಟೋ ಸಲ ಓದಿದ್ದಳಂತೆ. ಅದನ್ನು ಆಮೇಲೆ ಹೇಳಿದಳು. ಆದರೆ ಅವಳು ಮೆಟ್ಟಿಲು ಇಳಿಯುತ್ತಿದ್ದ ರೀತಿಯಲ್ಲೇ ನನಗೆ ತಿಳಿಯಿತು. ಯಾರ ಓದು ಉಳಿಯಲೆಂದು ನಾನು ಆ ಹಾಳೆ ಓದಿದೆನೋ ಅವರಲ್ಲೇ ಒಬ್ಬಳು ಅವತ್ತು ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡಿದ್ದಳು. ಕಟ್ಟಡ ಉಳಿಸಿದೆ. ಅದರೊಳಗೆ ಇವಳಿಗೆ ಇದ್ದ ಒಂದು ಕಿಟಕಿಯನ್ನು ನಾನೇ ಮುಚ್ಚಿದೆ.

ಕರೆದೆ. ಒಳಗೆ ಬಂದಳು. ಸ್ಟೂಲಿನ ಮೇಲೆ ಕೂರಿಸಿ ಹೇಳಿದೆ, "ಬರೆದದ್ದು ಅವಳೇ. ಆದ್ರೆ ಅದು ನಿಜ ಅಲ್ಲ. ನಿಮ್ಮ ಹಾಸ್ಟೆಲ್ ಉಳೀಲಿ ಅಂತ ನಾನು ಬರೆಸ್ಕೊಂಡೆ. ನನ್ನ ಮಗಳು ಒಬ್ಬ ಹೆಂಗಸಿನ ಜೊತೆ ಸಂಸಾರ ಮಾಡ್ತಿದಾಳೆ. ಅವಳು ಹಲ್ಲಿನ ಡಾಕ್ಟರ್."

ಈ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ನಿನ್ನೆದುರಿಗೂ ಹೇಳಿಲ್ಲ. ಹೇಳಿದ ಮೇಲೆ ಅಂಗಡಿ ಇದ್ದ ಹಾಗೇ ಇತ್ತು.

ಹುಡುಗಿ ಹರಿದ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ, "ಈಗ್ಲೂ ಒಟ್ಟಿಗೇ ಇದಾರಾ?" ಎಂದು ಕೇಳಿದಳು.

ಇದ್ದಾರೆ ಎಂದೆ.

ನಿನ್ನ ಕಾಗದ ಅಲ್ಲೇ ಮಷಿನ್ನಿನ ಡ್ರಾಯರಿನಲ್ಲಿತ್ತು. ಅಷ್ಟು ದೊಡ್ಡ ನಿಜ ಹೇಳಿದ ನನಗೆ ಅದರ ಬೆನ್ನಿಗೇ ಇನ್ನೊಂದು ನಿಜ ಹೇಳಲು ಆಗಲಿಲ್ಲ. ಅವಳು ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಯಾರಿಗೂ ಹೇಳಬೇಡ ಎಂದು ನಾನು ಅನ್ನಲಿಲ್ಲ, ಅಂದರೆ ಮತ್ತೆ ಅದೇ ಆಗುತ್ತಿತ್ತು. ಮಾತು ಇನ್ನು ನನ್ನ ಕೈಯಲ್ಲಿಲ್ಲ. ನಾಳೆ ಊರಿಗೆಲ್ಲ ಗೊತ್ತಾದರೆ ಹಾಸ್ಟೆಲ್ಲೂ ಹೋಗಬಹುದು, ನನ್ನ ಅಂಗಡಿಯೂ ಹೋಗಬಹುದು. ದಿನವೂ ಷಟರ್ ಎತ್ತುವಾಗ ಓಣಿಯವರ ಮುಖ ನೋಡುತ್ತೇನೆ. ಇನ್ನೂ ಏನೂ ಕಂಡಿಲ್ಲ.

ಡಾಕ್ಟರ್ ಇರುವ ಊರಿನ ವಿಳಾಸ ಕಳಿಸು. ನಿಮ್ಮಿಬ್ಬರನ್ನು ಕೂಡಿಸಲು ಹೋಗುವುದಿಲ್ಲ, ಅದು ನನ್ನ ಕೈಲಾಗುವ ಕೆಲಸವಲ್ಲ. ಆ ಮೂರನೆಯ ಸಾಲನ್ನು ಅಷ್ಟು ಜನರೆದುರು ಜೋರಾಗಿ ಓದಿದವಳು ನಾನು. ಅದನ್ನು ಅವಳಿಗೆ ನಾನೇ ಬರೆದು ತಿಳಿಸಬೇಕು. ಇಷ್ಟು ವರ್ಷ ಅವಳ ವಿಷಯವನ್ನು ನಿನ್ನನ್ನು ಕೇಳಿದೆ, ಅವಳನ್ನು ಏನೂ ಕೇಳಲಿಲ್ಲ.

ಏನೆಂದು ಕರೆದು ಶುರು ಮಾಡಬೇಕೋ ತಿಳಿಯದೆ ಒಂದು ಹಾಳೆಯನ್ನು ಖಾಲಿ ಇಟ್ಟುಕೊಂಡಿದ್ದೇನೆ.

ಅಮ್ಮ